ಹರಾಜಿನಲ್ಲಿ ಕೇಳಿದ ಹೆಸರು

ಶಕುನ, ಅಶರೀರವಾಣಿ ಎಂದು ಯಾರಾದರೂ ಶುರು ಮಾಡಿದರೆ ಕೂತಲ್ಲೇ ಗೇಲಿ ಮಾಡುವ ಸ್ವಭಾವ ನನ್ನದು. ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಬಿಡಿಭಾಗಗಳ ಅಳತೆ ಪರೀಕ್ಷಿಸಿದವಳು ನಾನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ವಾಪಸ್ ಕಳಿಸುವುದೇ ನನ್ನ ಕೆಲಸ. ಇಂಥವಳು ಹೇಳುತ್ತಿದ್ದೇನೆ ಎಂಬ ಒಂದೇ ಕಾರಣಕ್ಕಾದರೂ ಇದನ್ನು ಪೂರ್ತಿ ಓದಿ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಅಪ್ಪ ಬಾಂದ್ರಾದ ಒಬ್ಬ ಸೇಠರ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಡ್ರೈವರ್ ಆಗಿದ್ದರು. ಸೇಠರ ಬಳಿ ಗಾಢ ಹಸಿರು ಬಣ್ಣದ ಹಳೆಯ ವಿದೇಶಿ ಕಾರಿತ್ತು. ಪ್ರತಿ ಅಮಾವಾಸ್ಯೆಗೆ ಅಪ್ಪ ಅದಕ್ಕೆ ಲಿಂಬೆಹಣ್ಣು ಕಟ್ಟಿ, ಊದಿನಕಡ್ಡಿ ಬೆಳಗುತ್ತಿದ್ದರು. ಕಾರು ಒರೆಸುವ ಹಳದಿ ಬಟ್ಟೆಯನ್ನು ಮನೆಗೆ ತರುತ್ತಿದ್ದರು. ಪಾರ್ಲೆಯಲ್ಲಿ ನಾವಿದ್ದ ಚಾಳಿನ, ಅಂದರೆ ಸಾಲುಮನೆಗಳ, ನಲ್ಲಿಯ ಹತ್ತಿರ ಕೂತು ಅವ್ವ ಅದನ್ನು ನಮ್ಮ ಬಟ್ಟೆಗಳ ಜೊತೆ ಸೇರಿಸದೆ ಬೇರೆಯಾಗಿಯೇ ಒಗೆಯುತ್ತಿದ್ದಳು. ಎಲ್ಲಾದರೂ ಪಾಲಿಶಿನ ವಾಸನೆ ಬಂದರೆ ಇವತ್ತಿಗೂ ನನಗೆ ಅಪ್ಪ ಕೆಲಸ ಮುಗಿಸಿ ಬಂದರೇನೋ ಅನಿಸುತ್ತದೆ.

ಅಪ್ಪನ ಹೆಸರು ಗುರುಲಿಂಗಪ್ಪ. ಆದರೆ ಆ ಹೆಸರಿನಿಂದ ಯಾರೂ ಕರೆದದ್ದಿಲ್ಲ. ಸೇಠರ ಮನೆಯಲ್ಲಿ ಮೊದಲಿದ್ದ ಡ್ರೈವರ್ ರಾಮು. ಹೊಸ ಹೆಸರು ಕಲಿಯುವ ತಾಪತ್ರಯ ಯಾಕೆಂದು ಅಪ್ಪನನ್ನೂ ರಾಮು ಎಂದೇ ಕರೆದರು. ಚಾಳಿನವರಿಗೆ ಅವರು ಡ್ರೈವರ್ ಕಾಕಾ. ಅವ್ವನಂತೂ ನಮ್ಮೂರು ಇಂಡಿ ಕಡೆಯ ಹಳೆಯ ಹೆಂಗಸರ ಹಾಗೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ.

ಅಪ್ಪ ತೀರಿಕೊಂಡ ನಾಲ್ಕು ವರ್ಷದ ಮೇಲೆ ಒಂದು ದಿನ, ಹಳೆಯ ಕಾರುಗಳ ಹರಾಜಿನ ಜಾಹೀರಾತು ನನ್ನ ಮೊಬೈಲಿಗೆ ಬಂತು. ಚಿತ್ರದಲ್ಲಿ ಅದೇ ಹಸಿರು ಕಾರು, ಅದೇ ನಂಬರು. ಅವ್ವನಿಗೆ ತೋರಿಸಿದೆ. ಹೋಗಲೇಬೇಕೆಂದು ಹಟ ಹಿಡಿದಳು. ಭಾನುವಾರ ಬೆಳಿಗ್ಗೆ ಇಬ್ಬರೂ ಲೋಕಲ್ ರೈಲು ಹಿಡಿದು ಬಾಂದ್ರಾಕ್ಕೆ ಹೋದೆವು. ಮೈದಾನದಲ್ಲಿ ಶಾಮಿಯಾನ, ತಳತಳ ಹೊಳೆಯುವ ಕಾರುಗಳು, ಅವುಗಳಿಗಿಂತ ಹೆಚ್ಚು ಹೊಳೆಯುವ ಜನ. ಹಿಂದಿನ ಸಾಲಿನಲ್ಲಿ ಕೂತೆವು.

"ಗಾಡಿ ಕಥಿ ಎಲ್ಲಾ ಮೈಕಿನ್ಯಾಗ ಹೇಳ್ತಾರಂತಲ್ಲ," ಅವ್ವ ನನ್ನ ಕೈ ಹಿಡಿದಳು. "ಇದನ್ನ ನಿಮ್ಮಪ್ಪ ನೋಡ್ಕೊಂಡಿದ್ರು ಅಂತ ಒಂದ್ ಮಾತು ಹೇಳ್ರಿ ಅಂತ ಕೇಳಿ ಬಾ. ಅವರ ಹೆಸರು ಒಮ್ಮೆರ ನಾಲ್ಕ್ ಮಂದಿ ಮುಂದ ಬರ್ಲಿ."

ಹರಾಜಿನವರ ಮೇಜಿನ ಹಿಂದಿದ್ದ ಹುಡುಗಿಯ ಬಳಿ ಹೋದೆ. ಡ್ರೈವರ್ ಎಂದು ನಾನು ಶುರು ಮಾಡುತ್ತಿದ್ದಂತೆಯೇ ಅವಳು ನಗುತ್ತ ತಲೆಯಾಡಿಸಿದಳು. ಓದುವ ವಿವರ ಆಗಲೇ ತಯಾರಾಗಿದೆಯಂತೆ, ಅದರಲ್ಲಿ ಮಾಲೀಕರ ಹೆಸರು ಮಾತ್ರ ಇರುತ್ತದಂತೆ. ಅಪ್ಪನ ಹೆಸರು ನನ್ನ ಬಾಯಿಂದ ಹೊರಡಲೇ ಇಲ್ಲ. ವಾಪಸ್ ಬಂದು, ಹೇಳುತ್ತಾರಂತೆ ಎಂದು ಅವ್ವನಿಗೆ ಸುಳ್ಳು ಹೇಳಿದೆ. ಅವಳು ನೆಟ್ಟಗೆ ಕೂತು ಕಾಯತೊಡಗಿದಳು.

ಹಸಿರು ಕಾರಿನ ಸರದಿ ಬಂತು. ಊರಿನಲ್ಲಿರುವ ತಮ್ಮನಿಗೆ ಕಳಿಸೋಣವೆಂದು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುತ್ತಿದ್ದೆ. ಹರಾಜು ಕೂಗುವವನು ಕಾರು ತಯಾರಾದ ವರ್ಷ, ಇಂಜಿನ್ನು, ಸೇಠರ ಮನೆತನ ಎಲ್ಲ ಇಂಗ್ಲಿಷಿನಲ್ಲಿ ಓದಿದ. ಆಮೇಲೆ ಅದೇ ದನಿಯಲ್ಲಿ, ಇಪ್ಪತ್ತೆಂಟು ವರ್ಷ ಇದನ್ನು ನೋಡಿಕೊಂಡವರು ಗುರುಲಿಂಗಪ್ಪ, ಎಂದ. ಒಂದಕ್ಷರವೂ ತಪ್ಪಲಿಲ್ಲ. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತು ಕಾರಿಗೆ ಕೈ ಮುಗಿದಳು. ನಾನು ಎಲ್ಲರೆದುರು ಅತ್ತುಬಿಟ್ಟೆ.

ಮಧ್ಯಾಹ್ನ ಬಿಡುವಿನಲ್ಲಿ ಹರಾಜು ಕೂಗಿದವನನ್ನು ಹುಡುಕಿಕೊಂಡು ಹೋಗಿ, ಆ ಹೆಸರು ಎಲ್ಲಿ ಸಿಕ್ಕಿತೆಂದು ಕೇಳಿದೆ. ಅವನು ಪಾಪ, ಗಲಿಬಿಲಿಗೊಂಡು ತನ್ನ ಹಾಳೆಯನ್ನೇ ನನ್ನ ಕೈಗಿಟ್ಟ. ಅದರಲ್ಲಿ ಅಂಥ ಸಾಲಿರಲಿಲ್ಲ. ತಾನು ಅದನ್ನು ಹೇಳಿಯೇ ಇಲ್ಲ ಎಂದ.

ವಾಪಸ್ ಬರುವಾಗ ಲೋಕಲ್‌ನಲ್ಲಿ ಅವ್ವನನ್ನು ಕೇಳಿದೆ, ಹರಾಜಿನವನು ಏನಂದ ಎಂದು. "ನಿಮ್ಮಪ್ಪನ ಹೆಸರು ಹೇಳಿದ, ಊರಿನ ಹೆಸರೂ ಹೇಳಿದ. ನಮ್ಮ ಮಾತಿನ್ಯಾಗ ಎಷ್ಟ್ ಚಂದ ಹೇಳಿದ!" ನಾನು ಕೇಳಿದ್ದು ಇಂಗ್ಲಿಷ್, ಊರಿನ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

ಮೊಬೈಲ್ ತೆಗೆದು, ಚಿತ್ರೀಕರಿಸಿದ್ದನ್ನು ನೋಡಿದೆ. ಸೇಠರ ಮನೆತನದ ಮಾತು ಮುಗಿಸಿ ಅವನು ಲೋಟ ಎತ್ತಿ ನೀರು ಕುಡಿಯುತ್ತಾನೆ. ಯಾರ ಮಾತೂ ಇಲ್ಲ, ಫ್ಯಾನಿನ ಸದ್ದು ಮಾತ್ರ. ಆ ಮೌನದಲ್ಲೇ ಚಿತ್ರದ ಅಂಚಿನಲ್ಲಿ ಅವ್ವ ಸೆರಗು ಎಳೆದುಕೊಂಡು ಏಳುತ್ತಾಳೆ. ಎಷ್ಟು ಸಲ ನೋಡಿದರೂ ಅಷ್ಟೇ.

ಇಬ್ಬರಿಗೂ ಒಟ್ಟಿಗೇ ಭ್ರಮೆಯಾಯಿತೇ? ಆಸೆಯೇ ದನಿಯಾಯಿತೇ? ಹಾಗಿದ್ದರೆ ಆಸೆಯೇ ಬಿಟ್ಟಿದ್ದ ನನಗೇಕೆ ಕೇಳಿತು? ನನ್ನ ಯಾವ ಅಳತೆಗೂ ಇದು ಸಿಕ್ಕಿಲ್ಲ.

ಅವ್ವ ಮಾತ್ರ ಮನೆಗೆ ಬಂದುಹೋಗುವವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾಳೆ: "ನನ್ನ ಮಗಳು ಹೋಗಿ ಹೇಳಿದ್ಲು, ಅದಕ್ಕ ಅವರು ಹೆಸರು ತಗೊಂಡ್ರು." ನಾನು ಚಹಾ ಇಡಲು ಒಳಗೆ ಹೋಗುತ್ತೇನೆ. ನಾನು ಹೇಳಿರಲಿಲ್ಲ ಎಂದು ಬಾಯಿಬಿಟ್ಟರೆ, ಹಂಗಾದ್ರ ಹೇಳಿದವರು ಯಾರು ಎಂದು ಅವಳು ಕೇಳುತ್ತಾಳೆ.