ಸಂಬಳದವನನ್ನು ಬೈಯಬಹುದು

ಮೂಟೆ ಎತ್ತುವುದಕ್ಕೂ ಮನುಷ್ಯನನ್ನು ಎತ್ತುವುದಕ್ಕೂ ಏನು ಫರಕು ಅಂತ ನನ್ನನ್ನು ಕೇಳಿ, ಎರಡೂ ಮಾಡಿದ್ದೇನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಬೀದರ್ ಕಡೆಯಿಂದ ಹೈದರಾಬಾದಿಗೆ ಬಂದವನು, ಮೊದಲು ಗೋದಾಮಿನಲ್ಲಿ ತೊಗರಿ ಮೂಟೆ ಹೊತ್ತೆ. ಮೂಟೆ ಹೊರುವಾಗ ನಿಮ್ಮ ಬೆನ್ನಿನ ಚಿಂತೆ ಮಾಡಿದರೆ ಸಾಕು. ಮನುಷ್ಯನನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಕೂರಿಸುವಾಗ ಅವನ ಮರ್ಯಾದೆಯನ್ನೂ ಜೊತೆಗೆ ಎತ್ತಬೇಕು. ಲುಂಗಿ ಜಾರಬಾರದು, ಕಾಲು ಕಬ್ಬಿಣಕ್ಕೆ ತಾಗಬಾರದು, ನನ್ನ ಬೀಡಿ ವಾಸನೆ ಅವನ ಮುಖಕ್ಕೆ ಹೊಡೆಯಬಾರದು. ಈ ಕೆಲಸವನ್ನು ನನ್ನಷ್ಟು ಚೆನ್ನಾಗಿ ಮಾಡುವವನು ಆಗ ಬೇಗಂಪೇಟೆಯಲ್ಲಿ ಇನ್ನೊಬ್ಬನಿರಲಿಲ್ಲ. ಹಾಗೆ ಬರೆಯಲು ನನಗೆ ನಾಚಿಕೆಯೇನೂ ಇಲ್ಲ.

ವಿಮಾನಗಳೆಲ್ಲ ಇನ್ನೂ ಬೇಗಂಪೇಟೆಗೇ ಬಂದಿಳಿಯುತ್ತಿದ್ದ ಕಾಲ. ನಮ್ಮದು ಅಲ್ಲಿನ ಒಂದು ಹಳೆ ಬಂಗಲೆ. ಕೈಕಾಲು ಸ್ವಾಧೀನವಿಲ್ಲದ, ವಯಸ್ಸಿಗೆ ಬಂದ ಗಂಡಸರು ಹೆಂಗಸರು ಇರುವ ವಸತಿ. ಮನೆಯವರು ಫೀಸು ಕಟ್ಟುತ್ತಿದ್ದರು, ಒಂದು ಟ್ರಸ್ಟು ನಡೆಸುತ್ತಿತ್ತು. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಬಟ್ಟೆ ಹಾಕುವುದು, ಸಂಡಾಸಿಗೆ ಕರೆದೊಯ್ಯುವುದು, ಬಿಸಿಲಿಗೆ ಕೂರಿಸುವುದು, ಇದೆಲ್ಲ ನಮ್ಮ ಕೆಲಸ. ತಲೆ ಮೇಲೆ ವಿಮಾನ ಹೋದಾಗ ಎಲ್ಲರೂ ಮಾತು ನಿಲ್ಲಿಸಿ, ಅದು ಹೋದ ಮೇಲೆ ನಿಲ್ಲಿಸಿದ ಶಬ್ದದಿಂದಲೇ ಮತ್ತೆ ಶುರು ಮಾಡುತ್ತಿದ್ದೆವು.

ನನ್ನ ಪಾಲಿಗೆ ಬಂದವರು ಒಬ್ಬ ಧಾರವಾಡದವರು. ಅವರ ತಂದೆ ಕೇಂದ್ರ ಸರ್ಕಾರದ ಕಾರ್ಖಾನೆಯ ನೌಕರಿಗೆಂದು ಹೈದರಾಬಾದಿಗೆ ಬಂದು ಇಲ್ಲೇ ರಿಟೈರ್ ಆದವರು. ಮಗನಿಗೆ ಹುಟ್ಟಿನಿಂದಲೇ ಕೈಕಾಲು ಹೇಳಿದ ಹಾಗೆ ಕೇಳುವುದಿಲ್ಲ, ನಾಲಿಗೆಯೂ ಅಷ್ಟೆ. ಒಂದು ಶಬ್ದ ಹೊರಗೆ ಬರಬೇಕಾದರೆ ಕುತ್ತಿಗೆ, ಭುಜ, ದವಡೆ ಎಲ್ಲ ಸೇರಿ ದುಡಿಯಬೇಕು. ತಲೆ ಮಾತ್ರ ಚೂರಿಯಷ್ಟು ಹರಿತ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಅವರು "ನೀ... ನೀ..." ಅಂದರು. ನೀರು ಕೇಳುತ್ತಿದ್ದಾರೆ ಅಂತ ಲೋಟ ಹಿಡಿದೆ. ಕುಡಿದರು. ಮತ್ತೆ "ನೀ..." ಅಂದರು. ಮತ್ತೆ ಹಿಡಿದೆ. ಅದನ್ನೂ ಕುಡಿದು, ಉಸಿರು ತಗೊಂಡು, ಪೂರ್ತಿ ಮಾಡಿದರು: "ನೀ ನನ್ನ ಕಾಲ ಮ್ಯಾಲೆ ನಿಂತೀಯೋ ಮಾರಾಯ."

ಅವತ್ತಿನಿಂದ ಅವರ ಮಾತನ್ನು ನಾನು ಮುಗಿಸಲು ಹೋಗಲಿಲ್ಲ. ಎಷ್ಟು ಹೊತ್ತಾದರೂ ಕಾಯುವುದು. ನಮ್ಮ ಕೆಲಸದಲ್ಲಿ ಕಷ್ಟದ್ದು ಎತ್ತುವುದಲ್ಲ, ಇದು.

ಇನ್ನು ದುಡ್ಡಿನ ಮಾತು. ಡ್ರೈವರನಿಗೆ ಸಂಬಳ, ಮಾಲಿಗೆ ಸಂಬಳ, ಇಬ್ಬರಿಗೂ ಸರ್ಕಾರಿ ರೇಟು, ವಾರಕ್ಕೊಂದು ರಜೆ. ನಮಗೆ ಮಾತ್ರ ಗೌರವಧನ. ನಾವು ನೌಕರರಲ್ಲವಂತೆ, ಸೇವಕರಂತೆ. ಗುಲಾಬಿ ಗಿಡಕ್ಕೆ ನೀರು ಹಾಕುವವನಿಗೆ ಸಿಗುತ್ತಿದ್ದದ್ದರ ಅರ್ಧವೂ ಮನುಷ್ಯನಿಗೆ ನೀರು ಹಾಕುವ ನನಗೆ ಸಿಗುತ್ತಿರಲಿಲ್ಲ. ಅದರ ಬದಲು ಪ್ರತಿ ವರ್ಷ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ ಕೈಗೆ ತೆಂಗಿನಕಾಯಿ ಕೊಡುತ್ತಿದ್ದರು. ಮೆಹದಿಪಟ್ಟಣಂನ ನಮ್ಮ ಒಂಟಿ ಕೋಣೆಯಲ್ಲಿ ಹೆಂಡತಿ ಆ ಶಾಲುಗಳನ್ನೆಲ್ಲ ಸೇರಿಸಿ ಕೌದಿ ಹೊಲಿದಳು. "ನಿನ್ನ ಗೌರವ ಎಲ್ಲಾ ಇಲ್ಲೇ ಐತಿ ನೋಡು, ಹೊಚ್ಗೊಂಡು ಮಲಕ್ಕೊ" ಅಂದಳು.

ಅಮೀರ್‌ಪೇಟೆಯಲ್ಲಿ ರಾಯಚೂರಿನವರೊಬ್ಬರು ಹುಡುಗರ ಹಾಸ್ಟೆಲ್ ನಡೆಸುತ್ತಿದ್ದರು. ಅಲ್ಲಿನ ಮೆಸ್ ನೋಡಿಕೊಳ್ಳಲು ಬಾ ಅಂತ ಕರೆದರು. ಸಂಬಳ ನನಗೆ ಬರುತ್ತಿದ್ದದ್ದರ ಮೂರರಷ್ಟು, ಊಟ ಬೇರೆ. ದಸರಾದೊಳಗೆ ಹೂಂ ಅನ್ನಬೇಕು, ಇಲ್ಲ ಅಂದರೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ. ಹೆಂಡತಿಗೆ ಇದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ ಅಂತಲೇ ಗೊತ್ತಾಗಲಿಲ್ಲ. ನನಗೂ ಬಾಯಿಬಿಟ್ಟು ಹೇಳಲು ಬರಲಿಲ್ಲ. ನಾನು ಜನ್ಮದಲ್ಲಿ ಒಂದೇ ಒಂದು ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತಿದ್ದೆ. ಅದನ್ನು ಬಿಟ್ಟು ಸಾಂಬಾರಿನ ಹಂಡೆ ಕಾಯಬೇಕಾ? ಬಿಡದೆ ಇದ್ದರೆ ಬಾಡಿಗೆ ಯಾರು ಕಟ್ಟಬೇಕು?

ಕೇಳಿಯೇ ನೋಡೋಣ ಅಂತ ನಾವು ನಾಲ್ಕೈದು ಜನ ಟ್ರಸ್ಟಿನ ಅಧ್ಯಕ್ಷರ ಹತ್ತಿರ ಹೋದೆವು. ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಒಳ್ಳೆಯ ಮನುಷ್ಯ, ಎಲ್ಲರನ್ನೂ ಕೂರಿಸಿಯೇ ಮಾತಾಡುತ್ತಿದ್ದರು. ಹೆಂಗಸರ ವಾರ್ಡಿನ ಆಯಾ, ನಲ್ಗೊಂಡ ಕಡೆಯ ಅಕ್ಕ, ನಮಗೆಲ್ಲ ಹಿರಿಯಳು. ಆಕೆಯೇ ಮುಂದೆ ಕೂತಳು. ಅಧ್ಯಕ್ಷರು ಮೊದಲು ನಮ್ಮ ಕೆಲಸವನ್ನು ಹೊಗಳಿದರು. ಇಷ್ಟು ವರ್ಷ ಹೇಗಮ್ಮಾ ಮಾಡ್ತೀರಿ ಇದನ್ನ ಅಂತ ತೆಲುಗಿನಲ್ಲಿ ಕೇಳಿದರು. ಅಕ್ಕ ಸೆರಗು ಸರಿಮಾಡಿಕೊಂಡು, ಇವರೆಲ್ಲ ನಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿದ್ದ ಹಾಗೆ ಸಾರ್, ದುಡ್ಡಿಗಾಗಿ ಯಾರಾದರೂ ಮಾಡುತ್ತಾರಾ ಅಂದಳು. ನಾವೆಲ್ಲ ತಲೆಯಾಡಿಸಿದೆವು. ನೋಡಲು ಬಂದವರೆಲ್ಲ ನಮ್ಮ ಬಗ್ಗೆ ಆಡುತ್ತಿದ್ದ ಮಾತು ಅದು, ಕೇಳಿ ಕೇಳಿ ನಮ್ಮ ಬಾಯಿಗೂ ಬಂದಿತ್ತು. ಅದನ್ನು ಹೇಳುವಾಗ ಎದೆ ಉಬ್ಬುತ್ತಿತ್ತು.

ಅಧ್ಯಕ್ಷರ ಕಣ್ಣಲ್ಲಿ ನೀರು. ನಿಜವಾದ ನೀರು, ನಾಟಕವಲ್ಲ. ಸ್ವಂತ ಮಕ್ಕಳನ್ನು ನೋಡಿಕೊಳ್ಳೋಕೆ ಯಾವ ತಾಯಿ ಕೂಲಿ ಕೇಳುತ್ತಾಳೆ, ನಿಮ್ಮಂಥವರಿಂದಲೇ ಈ ಸಂಸ್ಥೆ ನಡೀತಿದೆ ಅಂದರು. ನಮ್ಮ ಸಂಬಳದ ಮಾತು ಅಲ್ಲಿಗೆ ಮುಗಿಯಿತು. ಒಬ್ಬೊಬ್ಬರಿಗೆ ಒಂದೊಂದು ಲಡ್ಡು ಕೊಟ್ಟು ಕಳಿಸಿದರು. ಗೇಟಿನ ಹತ್ತಿರ ಬಂದ ಮೇಲೆ, ಬಾಯಲ್ಲಿ ಲಡ್ಡು ಇಟ್ಟುಕೊಂಡೇ, ಮುಖ ಮುಖ ನೋಡಿಕೊಂಡೆವು.

ಇದನ್ನು ಧಾರವಾಡದವರಿಗೆ ನಗೆಯಾಟದ ಹಾಗೆ ಹೇಳಿದೆ. ಅವರು ನಗಲಿಲ್ಲ. ಗಡ್ಡ ಹೆರೆಯುತ್ತಿದ್ದೆ, ಮುಖ ಆಚೆ ತಿರುಗಿಸಿದರು. ಬ್ಲೇಡು ಕೆಳಗಿಟ್ಟು ಕಾದೆ.

"ಯಾರ ಮಗಾ ಲೇ ನಾನು? ನಿನಗಿಂತ ದೊಡ್ಡಾವ ಇದ್ದೀನಿ."

ತಪ್ಪಾಯ್ತು ಅಂದೆ. ಅವರು ಬಿಡಲಿಲ್ಲ. ನಾನು ರಜೆ ಮಾಡಿದ ದಿನ ನನ್ನ ಬದಲಿಗೆ ಬರುವವನು ಕಾದ ನೀರನ್ನು ಹಾಗೇ ಸುರಿಯುತ್ತಾನಂತೆ. ಒಂದು ಸಲ ಸುಡುತ್ತದೆ ಅಂದದ್ದಕ್ಕೆ ಅವನು ಕೈಮುಗಿದು, ಪುಣ್ಯದ ಕೆಲಸ ಮಾಡಲು ಬಂದಿದ್ದೇನೆ ಅಣ್ಣಾ, ಅದರಲ್ಲೂ ತಪ್ಪು ಹುಡುಕಬೇಡಿ ಅಂದನಂತೆ. ಇಷ್ಟು ಹೇಳಲು ಅವರಿಗೆ ಭಾಳ ಹೊತ್ತು ಹಿಡಿಯಿತು. ಸೋಪಿನ ನೊರೆ ಕೆನ್ನೆ ಮೇಲೇ ಒಣಗಿತು.

"ಉಪಕಾರ ಮಾಡಾವಗ ನೀರ ಸುಡತೈತಿ ಅಂತ ಹೆಂಗ ಹೇಳ್ಲಿ? ಸಂಬಳದಾವ ಆಗಿದ್ರ ಬೈತಿದ್ದೆ."

"ನನಗ ದಿನಾ ಬೈತೀರಲ್ರಿ ಮತ್ತ?"

"ನಿನಗ ನಾಚಿಕಿ ಇಲ್ಲ, ಅದಕ್ಕ ಬೈತೀನಿ" ಅಂದರು. ಆಗ ನಕ್ಕರು.

ನಾನು ಇಷ್ಟು ದಿನ ಸಂಬಳ ಅಂದರೆ ನನ್ನ ಹೊಟ್ಟೆಯ ವಿಷಯ ಅಂದುಕೊಂಡಿದ್ದೆ. ಅದು ಅವರ ವಿಷಯವೂ ಹೌದು ಅಂತ ಅವತ್ತು ತಿಳಿಯಿತು.

ಟ್ರಸ್ಟಿನ ವಾರ್ಷಿಕ ಸಭೆ ದಸರಾಕ್ಕೆ ಮುಂಚೆ, ಒಂದು ಭಾನುವಾರ. ಮನೆಯವರೆಲ್ಲ ಬರುತ್ತಾರೆ, ವಸತಿಯವರನ್ನು ಸ್ನಾನ ಮಾಡಿಸಿ, ಇಸ್ತ್ರಿ ಬಟ್ಟೆ ಹಾಕಿ ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ. ವಸತಿಯವರು ಸಭೆಯಲ್ಲಿ ಮಾತಾಡುವ ರೂಢಿ ಇಲ್ಲ. ಈ ಸಲ ಧಾರವಾಡದವರು, ಎಲ್ಲರಿಗೂ ತಿಳಿಯಲಿ ಅಂತ ಹಿಂದಿಯಲ್ಲಿ ಮಾತಾಡುತ್ತೇನೆ ಅಂದರು. ಹಿಂದಿನ ದಿನವೇ ನನಗೆ ತಾಕೀತು ಮಾಡಿದ್ದರು.

"ನನ್ನ ಮಾತ ನೀ ಹೇಳಿದ್ರ ನಿನ್ನ ಕುತ್ತಿಗಿ ಹಿಚಕ್ತೀನಿ."

"ಕೈ ಎತ್ತಾಕ ಬರಂಗಿಲ್ಲ, ಹೆಂಗ ಹಿಚಕ್ತೀರಿ?"

"ನಿನ್ನ ಕೈಲೇ ಹಿಚಕಸ್ತೀನಿ."

ಸಭೆಯಲ್ಲಿ ಲೆಕ್ಕಪತ್ರ ಓದಿ, ಚಪ್ಪಾಳೆ ಆಗಿ, ಯಾರಿಗಾದರೂ ಏನಾದರೂ ಹೇಳುವುದಿದೆಯಾ ಅಂತ ಕೇಳಿದಾಗ ನಾನು ಅವರ ಕುರ್ಚಿಯನ್ನು ಮುಂದಕ್ಕೆ ತಳ್ಳಿದೆ. ಅವರು ಶುರು ಮಾಡಿದರು. ಮೊದಲ ಶಬ್ದ ಬರುವುದರೊಳಗೆ ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಯಾರೋ ಹೆಂಗಸು ಪಾಪ ಅಂದಳು. ಅಧ್ಯಕ್ಷರು ಪ್ರೀತಿಯಿಂದಲೇ ನನ್ನ ಕಡೆ ತಿರುಗಿ, ನಿನಗೆ ಅವನ ಭಾಷೆ ತಿಳೀತದಲ್ಲಪ್ಪಾ, ಏನು ಬೇಕಂತೆ ನೀನೇ ಹೇಳು ಅಂದರು.

ಅವರು ಹೇಳಬೇಕಾಗಿದ್ದ ಒಂದೊಂದು ಶಬ್ದವೂ ನನ್ನ ನಾಲಿಗೆ ತುದಿಯಲ್ಲಿತ್ತು. ಹಿಂದೆ ಅಕ್ಕ ನನ್ನ ಅಂಗಿ ಹಿಡಿದು ಎಳೆಯುತ್ತಿದ್ದಳು, ಹೇಳು ಹೇಳು ಅಂತ. ನಾನು ಹೇಳಿದ್ದರೆ ಅದು ಕೂಲಿಯವನು ತನ್ನ ಕೂಲಿಗಾಗಿ ಆಡಿದ ಮಾತಾಗುತ್ತಿತ್ತು.

"ಅವರೇ ಹೇಳ್ತಾರ್ರಿ. ಸ್ವಲ್ಪ ಕಾಯ್ರಿ" ಅಂದೆ. ಗಾಬರಿಯಲ್ಲಿ ಕನ್ನಡದಲ್ಲೇ ಅಂದುಬಿಟ್ಟೆ. ಆದರೂ ಎಲ್ಲರಿಗೂ ತಿಳಿಯಿತು, ಕಾದು ಕೂತರು.

ಚಹಾ ಬಂತು, ತಣ್ಣಗಾಯಿತು. ನಡುವೆ ಒಂದು ವಿಮಾನ ಹೋಯಿತು, ಅದು ಹೋಗುವ ತನಕ ಅವರು ಬಾಯಿ ತೆರೆದುಕೊಂಡೇ ಇದ್ದು ಮತ್ತೆ ಮುಂದುವರಿಸಿದರು. ಬೆವರು ಇಳಿಯುತ್ತಿತ್ತು, ನಾನು ಒರೆಸಿದೆ, ಅದು ನನ್ನ ಕೆಲಸ. ಅವರು ಹೇಳಿದ್ದು ಇಷ್ಟೇ: ನಾನು ಮಗು ಅಲ್ಲ. ಇವನು ನನ್ನ ತಾಯಿಯೂ ಅಲ್ಲ, ದೇವರೂ ಅಲ್ಲ. ಇವನು ಕೆಲಸಗಾರ. ನಿಮ್ಮ ಮನೆಗೆ ಬರುವ ಪ್ಲಂಬರ್, ನಲ್ಲಿಯನ್ನು ಸೋರುವ ಹಾಗೆ ಬಿಟ್ಟು ಹೋದರೆ ನೀವು ಕರೆದು ಕೇಳುತ್ತೀರಿ. ನಾನು ಕೇಳಲಾರೆ, ಯಾಕೆಂದರೆ ನನ್ನ ಮೈ ತೊಳೆಯುವುದಕ್ಕೆ ನೀವು ಪುಣ್ಯ ಅಂತ ಹೆಸರಿಟ್ಟಿದ್ದೀರಿ. ಇವರಿಗೆ ಸಂಬಳ ಕೊಡಿ. ಸಂಬಳದವನನ್ನು ನಾನು ಬೈಯಬಹುದು.

ಚಪ್ಪಾಳೆ ಬೀಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು, ಇದೆಲ್ಲ ಸರಿ, ಫೀಸು ಏರಿದರೆ ಯಾರು ಕಟ್ಟುತ್ತಾರೆ ಅಂದರು. ಆ ಮಾತು ಎಲ್ಲರ ಮನಸ್ಸಿನಲ್ಲಿತ್ತು, ಗುಜುಗುಜು ಎದ್ದಿತು. ನನಗೆ ಅಮೀರ್‌ಪೇಟೆಯ ಹಂಡೆಗಳು ಕಣ್ಣಮುಂದೆ ಬಂದವು. ಮುಗೀತು ಅಂದುಕೊಂಡೆ.

ಆಗ ಧಾರವಾಡದವರ ತಂದೆ ಎದ್ದರು. ಪಿಂಚಣಿಯ ಮೇಲೆ ಬದುಕುವವರು, ಫೀಸು ಏರಿದರೆ ಎಲ್ಲರಿಗಿಂತ ಮೊದಲು ನೋಯುವವರು ಅವರೇ. ಕೋಲು ಊರಿಕೊಂಡು ಮಗನ ಮುಂದೆ ಬಂದು ನಿಂತರು.

"ಇಷ್ಟ ದಿನ ನನಗ ಯಾಕ ಹೇಳಲಿಲ್ಲೋ?"

"ನೀವು... ಕೇಳಿದ್ದಿಲ್ಲಲ್ಲ."

ಮುದುಕರು ಸಭೆಯ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು: ನಮ್ಮ ಕಾರ್ಖಾನೆಯಲ್ಲಿ ಪೇ ರಿವಿಜನ್ ಆಗಬೇಕಾದಾಗ ನಾನು ಬಿಸಿಲಲ್ಲಿ ಗೇಟಿನ ಮುಂದೆ ಧರಣಿ ಕೂತವನು. ಆವತ್ತು ನನಗೆ ಯಾರೂ ಮಷೀನು ನಿನ್ನ ಮಗು ಇದ್ದ ಹಾಗೆ, ಸಂಬಳ ಯಾಕೆ ಅನ್ನಲಿಲ್ಲ. ಆ ಏರಿದ ಸಂಬಳದಿಂದಲೇ ಇವನ ಫೀಸು ಕಟ್ಟುತ್ತಿದ್ದೇನೆ. ನಾನು ತಗೊಂಡದ್ದನ್ನು ಇವರು ಕೇಳಬಾರದು ಅನ್ನಲು ನನಗೆ ಬಾಯಿ ಬರೋದಿಲ್ಲ.

ಹೀಗೆ ಹೇಳಿ ತಾವೇ ಮೊದಲು ಕೈ ಎತ್ತಿದರು. ಕಾರ್ಖಾನೆಗಳಲ್ಲಿ, ರೈಲ್ವೆಯಲ್ಲಿ, ಬ್ಯಾಂಕಿನಲ್ಲಿ ದುಡಿದ ಮಂದಿಯೇ ಅಲ್ಲಿ ಹೆಚ್ಚು. ಗೇಟಿನ ಮುಂದೆ ಕೂರುವುದು ಏನು ಅಂತ ಅವರಿಗೆಲ್ಲ ಗೊತ್ತಿತ್ತು. ಒಂದೊಂದಾಗಿ ಕೈಗಳು ಎದ್ದವು. ಕೈ ಎತ್ತಲು ಬಾರದ ವಸತಿಯವರು ಕೂಗಿದರು, ಕುರ್ಚಿ ಕುಟ್ಟಿದರು, ಅಕ್ಕ ಅವರ ಕೈಗಳನ್ನು ಹಿಡಿದು ಎತ್ತಿದಳು. ಫೀಸಿನ ಮಾತೆತ್ತಿದ ಹಿಂದಿನ ಸಾಲಿನವರು ಕೊನೆಗೂ ಎತ್ತಲಿಲ್ಲ, ಆಮೇಲೆ ಎಷ್ಟೋ ದಿನ ನನ್ನನ್ನು ಮಾತಾಡಿಸಲೂ ಇಲ್ಲ. ಇರಲಿ. ಅಧ್ಯಕ್ಷರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಸೇವಕ ಅನ್ನುವ ಶಬ್ದ ತೆಗೆದುಹಾಕಿ, ನೌಕರ ಅಂತ ಬರೆದುಕೊಳ್ಳಿ ಅಂತ ಗುಮಾಸ್ತನಿಗೆ ಹೇಳಿದರು.

ಡ್ರೈವರನ ರೇಟೇ ನಮಗೂ ಆಯಿತು, ವಾರದ ರಜೆಯೂ ಬಂತು. ರಾತ್ರಿಪಾಳಿಯ ಭತ್ಯೆ ಆಗ ಸಿಗಲಿಲ್ಲ, ಅದಕ್ಕೆ ಇನ್ನೊಂದು ಜಗಳ ಬೇಕಾಯಿತು. ಆ ಸಂಜೆ ಮೆಹದಿಪಟ್ಟಣಂ ಬಸ್ಸಿನಲ್ಲಿ ನನಗೆ ಸೀಟು ಸಿಕ್ಕಿದರೂ ಕೂರಲಿಲ್ಲ. ನಿಂತೇ ಹೋದೆ, ಎದೆ ಸೆಟೆದು. ಮರುದಿನ ಅಮೀರ್‌ಪೇಟೆಗೆ ಹೋಗಿ ರಾಯಚೂರಿನವರಿಗೆ ನಾನು ಬರುವುದಿಲ್ಲ ಅಂದೆ. ನಮ್ಮ ಮೆಸ್ಸಿಗಿಂತ ಅಲ್ಲಿ ಹೆಚ್ಚು ಕೊಡ್ತಾರೇನಪ್ಪ ಅಂತ ಕೇಳಿದರು. ಇಲ್ಲರೀ, ಆದರೆ ಈಗ ಬಾಡಿಗೆ ಹೋಗತೈತಿ, ಮತ್ತ ಆ ಕೆಲಸ ನನಗ ಬರತೈತಿ ಅಂದೆ.

ರಜೆ ಬಂದ ಮೇಲೆ ಜನ ಸಾಲದಾದರು, ಹೊಸಬರನ್ನು ತಗೊಳ್ಳಬೇಕಾಯಿತು. ಆರಿಸುವಾಗ ತಾನೂ ಕೂರುತ್ತೇನೆ ಅಂತ ಧಾರವಾಡದವರು ಹಟ ಹಿಡಿದರು. ಅಧ್ಯಕ್ಷರ ಪಕ್ಕದಲ್ಲೇ ಅವರ ಕುರ್ಚಿ ನಿಲ್ಲಿಸಿದೆ. ಮೊದಲು ಬಂದವನು ಅವರ ಪಾದ ಮುಟ್ಟಿ ನಮಸ್ಕರಿಸಿದ. ಅವನನ್ನು ಅಲ್ಲಿಂದಲೇ ಕಳಿಸಿದರು. ಎರಡನೆಯವನು ಗೋಡೆಯ ಮೇಲಿದ್ದ ದೇವರ ಪಟ ನೋಡುತ್ತ ಮಾತಾಡಿದ, ಅವನೂ ಹೋದ. ಮೂರನೆಯವನು ಜಹೀರಾಬಾದ್ ಕಡೆಯವನು, ಮೊದಲು ಲಾರಿಗೆ ಲೋಡು ಹಾಕುತ್ತಿದ್ದವನಂತೆ. ಸೀದಾ ಧಾರವಾಡದವರ ಮುಖ ನೋಡಿ, ಸಂಬಳ ಎಷ್ಟು, ವಾರದಲ್ಲಿ ಯಾವ ದಿನ ರಜೆ, ಹಬ್ಬಕ್ಕೆ ಊರಿಗೆ ಬಿಡುತ್ತೀರಾ ಅಂತ ಕೇಳಿದ. ಅಧ್ಯಕ್ಷರ ಹುಬ್ಬು ಮೇಲೇರಿತು.

ಧಾರವಾಡದವರು ಬಾಯಿ ತೆರೆದರು. ನಾವೆಲ್ಲ ಕಾದೆವು. ಆ ಹೊಸಬನೂ ಸುಮ್ಮನೆ ನಿಂತು ಕಾದ.

"ಇವನ್ನ ತಗೋರಿ" ಅಂದರು.

ಮರುದಿನ ಬೆಳಿಗ್ಗೆ ನಾನೇ ಅವನಿಗೆ ಎತ್ತುವುದನ್ನು ಕಲಿಸಿದೆ.