ಮಾಸ್ಕಿನ ಹೊರಗುಳಿದ ಅಜ್ಜಿ

ವಯಸ್ಸಾದವರ ನೆನಪಿನ ಬಗ್ಗೆ ನಡೆಯುತ್ತಿದ್ದ ಒಂದು ಸಂಶೋಧನೆಯಲ್ಲಿ ನಾನು ಸಹಾಯಕಿಯಾಗಿದ್ದೆ. ನಮ್ಮೂರು ಮಧುಗಿರಿ. ಆ ಕಡೆಯ ಮಾತು ಬಲ್ಲವಳೆಂದು ಸುತ್ತಲ ಹಳ್ಳಿಗಳ ಹಿರಿಯರನ್ನು ಒಪ್ಪಿಸಿ ಕರೆತರುವ ಕೆಲಸ ನನಗೇ ಬಿತ್ತು. ಆಮೇಲೆ ಅವರ ಮಿದುಳಿನ ಎಂಆರ್‌ಐ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಪರಿಶೀಲಿಸುವುದೂ ನನ್ನದೇ.

ಚಿತ್ರದಲ್ಲಿರುವುದೆಲ್ಲ ನಮಗೆ ಬೇಕಿರಲಿಲ್ಲ. ನರಕೋಶಗಳು ತುಂಬಿರುವ ಬೂದು ಭಾಗ ಸಾಕಿತ್ತು. ಮಿಕ್ಕಿದ್ದನ್ನು ಮರೆಮಾಡಲು ಒಂದು ಮಾಸ್ಕ್ ಮಾಡಿಕೊಳ್ಳುತ್ತೇವೆ. ಎಲ್ಲರ ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ, ಪ್ರತಿಯೊಬ್ಬರಲ್ಲೂ ಬೂದು ಭಾಗ ಇರುವ ಜಾಗವನ್ನಷ್ಟೇ ಉಳಿಸಿಕೊಳ್ಳುವುದು. ಒಬ್ಬರಲ್ಲಿ ಇಲ್ಲದಿದ್ದರೂ ಆ ಜಾಗ ಎಲ್ಲರ ಲೆಕ್ಕದಿಂದಲೂ ಹೋಗುತ್ತದೆ. ನನ್ನ ಮಾಸ್ಕಿನಲ್ಲಿ ನೆನಪಿಗೆ ಸಂಬಂಧಿಸಿದ ಜಾಗದಲ್ಲೇ ತೂತು ಬಿದ್ದಿತ್ತು. ಎರಡು ದಿನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಕೊನೆಗೆ ಒಬ್ಬೊಬ್ಬರ ಚಿತ್ರವನ್ನೇ ತೆಗೆದು ನೋಡುತ್ತ ಹೋದೆ. ಶಿರಾ ತಾಲ್ಲೂಕಿನ ಗೌಡಗೆರೆ ಕಡೆಯ ಅಜ್ಜಿಯೊಬ್ಬರದನ್ನು ತೆಗೆದಾಗ ತೂತು ಮುಚ್ಚಿಕೊಂಡಿತು. ಅವರ ಮಿದುಳು ಅಲ್ಲಿ ಬಹಳ ಸವೆದಿತ್ತು.

ನನಗೆ ತಲೆಬುಡ ಅರ್ಥವಾಗಲಿಲ್ಲ. ನಾನು ಓದಿ ಹೇಳಿದ್ದ ಪದಗಳನ್ನು ಅರ್ಧ ಗಂಟೆಯ ಮೇಲೆ ಕೇಳಿದಾಗ ಒಂದನ್ನೂ ಬಿಡದೆ ಒಪ್ಪಿಸಿದ್ದವರು ಅವರೊಬ್ಬರೇ. ಆದರೂ ಅವರನ್ನು ಕೈಬಿಟ್ಟೆ. ಫಲಿತಾಂಶ ಅಚ್ಚುಕಟ್ಟಾಗಿ ಬಂತು: ಬೂದು ಭಾಗ ಕಡಿಮೆಯಿದ್ದವರಿಗೆ ನೆನಪೂ ಕಡಿಮೆ.

ಮುಂದಿನ ವಾರ ಎರಡನೇ ಸುತ್ತಿನ ಪ್ರಶ್ನೆಗಳಿಗೆಂದು ಅವರ ಮನೆಗೆ ಹೋದೆ. ಅಜ್ಜಿ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು.

“ಬಾರವ್ವ. ಹೋದ್ಸಲ ಕಾಪಿ ಬ್ಯಾಡ ಅಂದ್ಬುಟ್ಟೆ, ಇವತ್ತಾದ್ರೂ ಕುಡೀತೀಯಾ?”

ನನಗದು ಮರೆತೇ ಹೋಗಿತ್ತು. ಕಾಫಿ ಕುಡಿಯುವಾಗ ಅವರೇ ಕೇಳಿದರು. “ಅವತ್ತು ಆ ಮಿಸನ್ನೊಳಗೆ ಅಲ್ಲಾಡ್ದಂಗೆ ಮಲ್ಕಂಡಿದ್ನಲ್ಲ, ಪೋಟ ಸರಿಯಾಗಿ ಬಂತಾ?”

“ಬಂದೈತೆ ಅಜ್ಜಿ.”

“ಅದ್ರಿಂದ ಯಾರ್ಗಾದ್ರೂ ಅನುಕೂಲ ಆಯ್ತದಾ?”

“ಆಯ್ತದೆ.”

“ಅಂಗಾದ್ರೆ ಸರಿ ಬುಡು. ಸೊಂಟ ನೋವ್ ತಿಂದಿದ್ದು ದಂಡ ಆಗ್ಲಿಲ್ಲ.”

ಚಿತ್ರ ನೋಡಿದ ಡಾಕ್ಟರು ಇದು ವಯಸ್ಸಿನ ಸವೆತ, ಚಿಕಿತ್ಸೆ ಬೇಕಿಲ್ಲ ಎಂದು ಬರೆದಿದ್ದರು. ಹಾಗಾಗಿ ಅವರಿಗೆ ಹೇಳುವಂಥದ್ದೇನೂ ಇರಲಿಲ್ಲ. ಆದರೂ ಬಸ್ಸಿನಲ್ಲಿ ಕೂತವಳಿಗೆ ಅನುಕೂಲ ಆಯ್ತದೆ ಎಂದು ನಾನು ಹೇಳಿ ಬಂದದ್ದು ಸುಳ್ಳೋ ಅಲ್ಲವೋ ತಿಳಿಯದೆ ಸಂಕಟವಾಯಿತು.

ಸೋಮವಾರ, ಸಂಶೋಧನೆ ನಡೆಸುತ್ತಿದ್ದ ನಮ್ಮ ಮೇಡಂ ಬಳಿ ಹೇಳಿದೆ. “ಅಜ್ಜಿಯ ಚಿತ್ರ ಸರಿಯಾಗೇ ಇದೆ ಮೇಡಂ. ಮಾಸ್ಕ್ ಹಾಳಾಗುತ್ತೆ ಅಂತ ನಾನೇ ತೆಗೆದೆ.”

ಅವರು ಬೈಯಲಿಲ್ಲ. “ಪ್ರತಿಯೊಬ್ಬರಲ್ಲೂ ಇರಲೇಬೇಕು ಅನ್ನೋದು ಬೇಡ. ಎಲ್ಲರ ಸರಾಸರಿ ಮೇಲೆ ಇನ್ನೊಂದು ಮಾಸ್ಕ್ ಮಾಡಿ, ಅವರನ್ನೂ ಸೇರಿಸಿ ನೋಡಿ,” ಎಂದರು.

ಮಾಡಿದೆ. ತೂತಿರಲಿಲ್ಲ, ಅಜ್ಜಿಯೂ ಉಳಿದರು. ಆದರೆ ಅಚ್ಚುಕಟ್ಟಾಗಿದ್ದ ಫಲಿತಾಂಶ ಮಸುಕಾಯಿತು.

“ಇದರಲ್ಲಿ ಯಾವುದು ನಿಜ ಮೇಡಂ?”

“ನನಗೂ ಗೊತ್ತಿಲ್ಲ. ವರದಿಯಲ್ಲಿ ಎರಡನ್ನೂ ಹಾಕಿ, ಯಾಕೆ ಅಂತ ಬರೀರಿ.”

ಆ ಒಂದು ಪ್ಯಾರಾ ಬರೆಯಲು ಮೂರು ದಿನ ಹಿಡಿಯಿತು. ಈಗಲೂ ಅದನ್ನು ಓದಲು ಕೂತರೆ ಅಜ್ಜಿ ಅನುಕೂಲ ಆಯ್ತದಾ ಎಂದು ಕೇಳಿದ್ದು ನೆನಪಾಗಿ ನಡುವೆಯೇ ನಿಲ್ಲಿಸಿಬಿಡುತ್ತೇನೆ.