ಶಾಲನಬಾಯಿಯ ಟರ್ಬೋ

ಸಾಂಗ್ಲಿಯಿಂದ ಮಿರಜಕ್ಕೆ ಹೋಗುವ ದಾರಿಯಲ್ಲಿ ವಿಶ್ರಾಮಬಾಗದ ಒಳಗೆ ಹೊಕ್ಕರೆ ಈಗ ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟುಗಳೇ. ಎರಡು ಸಾವಿರದ ನಾಲ್ಕರ ಸುಮಾರಿಗೆ ಅಲ್ಲಿ ಇನ್ನೂ ಒಂದಷ್ಟು ಬಿಡಿ ಮನೆಗಳು ಉಳಿದುಕೊಂಡಿದ್ದವು. ಅಂಥ ಒಂದು ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ, ನಲವತ್ತು ದಾಟಿದ ಶಾಲನಬಾಯಿ ಸೀರೆಯ ಸೆರಗನ್ನು ಟೊಂಕಕ್ಕೆ ಸಿಗಿಸಿಕೊಂಡು ಕಾರಿನ ಕೆಳಗೆ ಅಂಗಾತ ಮಲಗಿರುತ್ತಿದ್ದಳು. ಓಣಿಯ ಹೆಂಗಸರು ಮೊದಮೊದಲು ಇಣುಕಿ ನೋಡಿದರು, ಆಮೇಲೆ ನಕ್ಕರು, ಕೊನೆಗೆ ನೋಡುವುದನ್ನೇ ಬಿಟ್ಟರು. ನಗುವವರಿಗೇನು, ನಕ್ಕು ಮನೆಗೆ ಹೋದರೆ ಅವರ ಕೆಲಸ ಮುಗಿಯಿತು.

ಕಾರು ಅಂದರೆ ಅಂಥಿಂಥದ್ದಲ್ಲ. ಜಪಾನಿನದು, ಕೆಂಪು ಬಣ್ಣದ್ದು, ಎರಡೇ ಬಾಗಿಲು. ದೀಪ ಹಾಕಿದರೆ ಮುಂದಿನ ಎರಡು ಕಣ್ಣುಗಳು ರೆಪ್ಪೆ ತೆರೆದು ಮೇಲೇಳುವಂಥದ್ದು. ಮಿರಜದ ಡಾಕ್ಟರೊಬ್ಬರು ಎಂಬತ್ತರ ದಶಕದಲ್ಲಿ ಕೊಲ್ಲಿ ದೇಶದಿಂದ ಹಡಗಿನಲ್ಲಿ ತರಿಸಿದ್ದರು. ಟರ್ಬೋ ಅನ್ನುವ ಮಾತನ್ನು ಆ ಓಣಿ ಕೇಳಿದ್ದೇ ಈ ಕಾರಿನಿಂದ. ಇಂಜಿನ್ನು ಉಗುಳುವ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗಬೇಕು, ಅದು ತಿರುಗಿ ಇಂಜಿನ್ನಿನೊಳಕ್ಕೆ ಹೆಚ್ಚು ಗಾಳಿ ತುರುಕಬೇಕು, ಗಾಳಿ ಕುಡಿದ ಇಂಜಿನ್ನು ಹುಚ್ಚೆದ್ದು ಓಡಬೇಕು. ಟರ್ಬೋ ಅಂದರೆ ಇಷ್ಟೇ. ಡಾಕ್ಟರ ಕಾಲದಲ್ಲೇ ಅದು ಸುಟ್ಟುಹೋಗಿ ಕಾರು ಅವರ ಕಂಪೌಂಡಿನಲ್ಲಿ ಬಿಸಿಲು ತಿನ್ನುತ್ತ ನಿಂತಿತು. ಆಮೇಲೆ ದೇಶ ಬಾಗಿಲು ತೆರೆಯಿತು, ಬ್ಯಾಂಕಿನವರು ಕರೆದು ಕರೆದು ಸಾಲ ಕೊಡತೊಡಗಿದರು, ರಸ್ತೆಗೆ ಹೊಸ ಹೊಸ ಕಾರುಗಳು ಇಳಿದವು. ಡಾಕ್ಟರ ಮಕ್ಕಳಿಗೆ ಈ ಹಳೆಯದು ಬೇಡವಾಯಿತು. ಭರತೇಶ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ.

ಭರತೇಶ ಶಾಲನಬಾಯಿಯ ಗಂಡ. ಮನೆಯ ಮುಂಭಾಗದಲ್ಲೇ ಅವನ ಗ್ಯಾರೇಜು. ಪಂಪ್‌ಸೆಟ್ಟು, ಟ್ರ್ಯಾಕ್ಟರು, ಟೆಂಪೋ, ಏನು ಬಂದರೂ ರಿಪೇರಿ ಮಾಡುವವನು. ನಟ್ಟು ಬಿಗಿ ಮಾಡುವಾಗ ಎಲ್ಲಿ ನಿಲ್ಲಿಸಬೇಕು ಎಂಬುದು ಅವನ ಬಲಗೈಗೆ ತಾನಾಗಿ ಗೊತ್ತಾಗುತ್ತದೆ ಎಂದು ಗಿರಾಕಿಗಳು ಹೇಳುತ್ತಿದ್ದರು. ಕಾರನ್ನು ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನೂ ತೊಳೆದು ಡಬ್ಬಗಳಲ್ಲಿ ತುಂಬಿಟ್ಟ. ಹಳೆಯದನ್ನು ಹಳೆಯ ಹಾಗೇ ಜೋಡಿಸುವ ಆಸೆ ಅವನಿಗಿರಲಿಲ್ಲ. ಟರ್ಬೋದಿಂದ ಕಾದು ಬರುವ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಆ ಕಾಲದ ಈ ಕಾರಿಗೆ ಇರಲಿಲ್ಲ. ಅದನ್ನು ತಾನೇ ಕೂಡಿಸಿ, ಕಾರನ್ನು ಹೊಸದಿದ್ದಾಗಿನದಕ್ಕಿಂತ ಜೋರಾಗಿ ಓಡಿಸಬೇಕೆಂದು ಅವನ ಹಟ. ಅಷ್ಟರಲ್ಲಿ ಒಂದು ಮುಂಜಾನೆ ಹಲ್ಲುಜ್ಜುತ್ತ ನಿಂತವನು ಕುಸಿದು ಬಿದ್ದ. ಬಲಭಾಗಕ್ಕೆ ಲಕ್ವಾ ಹೊಡೆದಿತ್ತು.

ಜೀವ ಉಳಿಯಿತು. ಕಾಲು ಎಳೆದುಕೊಂಡಾದರೂ ನಡೆಯುವಂತಾಯಿತು. ಬಲಗೈಯಲ್ಲಿ ಮಾತ್ರ ಮೂರು ಬೆರಳಿಗಷ್ಟೇ ಒಂದಿಷ್ಟು ಕಸುವು ಬಂತು. ಗ್ಯಾರೇಜಿನ ಜಾಗವನ್ನು ಮೊಬೈಲ್ ಮಾರುವವನಿಗೆ ಬಾಡಿಗೆಗೆ ಕೊಟ್ಟರು. ಭರತೇಶ ಪಡಸಾಲೆಯ ಕುರ್ಚಿ ಹಿಡಿದವನು ಮೂರು ವರ್ಷ ಹಿತ್ತಲಿನ ಕಡೆ ತಿರುಗಿ ನೋಡಲಿಲ್ಲ, ಮಾತೂ ಅಷ್ಟಕ್ಕಷ್ಟೇ. ಜೈನರ ಮನೆಯ ರೂಢಿಯಂತೆ ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂತಾಗ ಒಂದು ದಿನ ತಾನಾಗಿ ಬಾಯಿಬಿಟ್ಟ.

"ಭಂಗಾರದವಗ ಹೇಳು. ಕಾರ್ ಒಯ್ಯಲಿ."

ಭಂಗಾರದವನೆಂದರೆ ಹಳೆಯ ಕಬ್ಬಿಣ ಕೊಳ್ಳುವವನು. ಶಾಲನಬಾಯಿ ರೊಟ್ಟಿ ಬಡಿಸುವ ಕೈ ನಿಲ್ಲಿಸಿದಳು.

"ಯಾಕ ಒಯ್ಯಬೇಕ್ರಿ? ನಾ ಜೋಡಸ್ತೇನಿ."

"ನೀನ?"

"ಹೂಂ, ನಾನ. ಲಿಂಗನೂರಾಗ ನಮ್ಮಪ್ಪನ ಇಂಜಿನ್ ಯಾರ ಚಾಲೂ ಮಾಡತಿದ್ರು ಅಂತ ತಿಳದೀರಿ?"

ಲಿಂಗನೂರು ಅವಳ ತವರು. ಹೊಲದ ಡೀಸೆಲ್ ಇಂಜಿನ್ನಿಗೆ ಹ್ಯಾಂಡಲ್ ಹೊಡೆದು ನೀರು ಹಾಯಿಸಿದವಳು ಅವಳು, ಅದೇನೂ ಸುಳ್ಳಲ್ಲ. ಆದರೆ ಕಾರಿನ ಹುಚ್ಚು ಅವಳಿಗೆ ಇತ್ತು ಅಂತ ನಾನು ಹೇಳಿದರೆ ಅದು ಸುಳ್ಳಾದೀತು. ಅವಳಿಗೆ ಬೇಕಾದದ್ದು ಗಂಡನ ಕೈ. ಆ ಡಬ್ಬಗಳು ಟೆಂಪೋ ಹತ್ತಿದ ದಿನ ಈ ಮನುಷ್ಯ ತಾನೂ ಭಂಗಾರವೇ ಎಂದು ಒಪ್ಪಿಕೊಂಡು ಕೂತುಬಿಡುತ್ತಾನೆ, ಆಮೇಲೆ ಯಾವ ಔಷಧಕ್ಕೂ ಏಳುವುದಿಲ್ಲ ಎಂಬ ಹೆದರಿಕೆ ಅವಳಿಗೆ.

ಮೊದಲಿಗೆ ಕೇಳಿದ್ದಕ್ಕೆಲ್ಲ ಅವನು ಉತ್ತರ ಕೊಡಲಿಲ್ಲ. ಶಾಲನಬಾಯಿ ಕಡಿಮೆಯವಳಲ್ಲ. ಪಿಸ್ಟನ್ನುಗಳನ್ನು ಪಡಸಾಲೆಗೇ ಹೊತ್ತು ತಂದು, ಹಳೆಯ ಗೋಣಿ ಹಾಸಿ, ಗಂಡನ ಕಣ್ಣೆದುರಿಗೆ ಕೂತು ರಿಂಗುಗಳನ್ನು ಉಲ್ಟಾ ಹಾಕತೊಡಗಿದಳು. ಒಂದು ಹಾಕಿದಳು, ಎರಡು ಹಾಕಿದಳು. ಕುರ್ಚಿಯಲ್ಲಿದ್ದವನು ಮೈ ಹೊರಳಿಸಿದ, ಕಣ್ಣು ಮುಚ್ಚಿದ, ತೆರೆದ. ಮೂರನೆಯದಕ್ಕೆ ತಡೆಯಲಾಗಲಿಲ್ಲ.

"ತಿರುವಿ ಹಾಕ. ರಿಂಗಿನ ಅಕ್ಷರ ಮ್ಯಾಲ ಬರಬೇಕು."

ಅಲ್ಲಿಂದ ದಿನಕ್ಕೊಂದು ತಪ್ಪು. ಬೇಕಂತಲೇ ಮಾಡುತ್ತಿದ್ದಳು. ತಪ್ಪು ತಿದ್ದಲು ಅವನು ಕುರ್ಚಿಯಿಂದ ಬಾಗಿಲಿಗೆ ಬಂದ, ಬಾಗಿಲಿನಿಂದ ಶೆಡ್ಡಿಗೆ ಬಂದ. ಅವನ ಹಳೆಯ ಗೆಳೆಯ, ಹತ್ತಿರದ ಕುಪವಾಡದಲ್ಲಿ ಲೇತ್ ಇಟ್ಟುಕೊಂಡಿದ್ದ ಧೋಂಡಪ್ಪ, ಒಂದು ದಿನ ಬಂದವನು ನೋಡಿ ನಕ್ಕುಬಿಟ್ಟ.

"ಭರತೇಶಾ, ವೈನಿ ನಿನ್ನ ಮಾತಾಡಸಾಕ ನಾಟಕ ಮಾಡಾಕತ್ತಾರ. ಇಷ್ಟ ದಿನಾ ತಿಳೀಲಿಲ್ಲೇನ ನಿನಗ?"

ಭರತೇಶ ಹೆಂಡತಿಯನ್ನು ನೋಡಿದ. ಶಾಲನಬಾಯಿ ನಟ್ಟು ಬಿಗಿಯುವ ಪಾನಾ ಒರೆಸುತ್ತ ಕೂತಿದ್ದಳು. ಆದರೂ ಅವನು ಶೆಡ್ಡು ಬಿಟ್ಟು ಹೋಗಲಿಲ್ಲ. ಅಂದಿನಿಂದ ಅವಳು ಸರಿಯಾಗಿಯೇ ಕೆಲಸ ಮಾಡಿದಳು. ಅಷ್ಟರಲ್ಲಿ ಅವಳಿಗೂ ಕೆಲಸ ಕೈಹತ್ತಿತ್ತು.

ಧೋಂಡಪ್ಪ ಲಾರಿಯೊಂದರ ಹಳೆಯ ಇಂಟರ್‌ಕೂಲರ್ ತಂದು, ಕತ್ತರಿಸಿ, ಬೆಸುಗೆ ಹಾಕಿ ಕಾರಿನ ಮೂಗಿಗೆ ಹೊಂದಿಸಿಕೊಟ್ಟ. ಸುಟ್ಟ ಟರ್ಬೋದ ಬದಲಿಗೆ ಒಂದು ಡೀಸೆಲ್ ಗಾಡಿಯ ಟರ್ಬೋ ಹುಡುಕಿ, ಅದರ ಬಾಯಿ ಇದಕ್ಕೆ ಕೂಡುವಂತೆ ಲೇತ್‌ನಲ್ಲಿ ಕಡೆದ. ಉಳಿದದ್ದು ಅದನ್ನು ಇಂಜಿನ್ನಿಗೆ ಕೂಡಿಸುವ ಕೆಲಸ. ಶಾಲನಬಾಯಿ ಪಾನಾ ಕೆಳಗಿಟ್ಟಳು.

"ಇದ ನನಗಾಗೂದಿಲ್ರಿ. ನೀವ ಕೂಡಸರಿ."

"ಮತ್ತ ನಾಟಕ ಏನ?"

"ನಾಟಕ ಅಂತನ ತಿಳೀರಿ. ನಾ ಮುಟ್ಟೂದಿಲ್ಲ."

ಇಡೀ ಮಧ್ಯಾಹ್ನ ಹಿಡಿಯಿತು. ಎಡಗೈಯಲ್ಲಿ ಪಾನಾ, ಬಲಗೈಯ ಮೂರು ಬೆರಳುಗಳಲ್ಲಿ ನಟ್ಟು. ಬಿದ್ದದ್ದನ್ನು ಶಾಲನಬಾಯಿ ಹೆಕ್ಕಿಕೊಟ್ಟಳೇ ಹೊರತು ಕೈ ಹಚ್ಚಲಿಲ್ಲ. ಕೊನೆಯ ಬೋಲ್ಟು ಟರ್ಬೋಕ್ಕೆ ಎಣ್ಣೆ ಒಯ್ಯುವ ಸಣ್ಣ ಪೈಪಿನದು. ಆ ಚಕ್ರ ಎಷ್ಟು ಜೋರಾಗಿ ತಿರುಗುತ್ತದೆಂದರೆ, ಅದನ್ನು ಉಳಿಸುವುದು ಸುತ್ತಲಿನ ಎಣ್ಣೆಯ ತೆಳ್ಳನೆಯ ಪೊರೆ ಒಂದೇ.

"ಪೈಪ್ ಕೂಡಸೂಕಿಂತ ಮೊದಲ ಅದರ ಬಾಯಾಗ ಒಂದಿಷ್ಟ ಸ್ವಚ್ಛ ಎಣ್ಣಿ ಬಿಡು," ಎಂದು ಹೇಳಿ ಭರತೇಶ ಬೆನ್ನು ಚೆಲ್ಲಲು ಒಳಗೆ ಹೋದ. "ಒಣಾ ತಿರಗಿತಂದ್ರ ಸುಡತೈತಿ."

ಸ್ವಚ್ಛ ಎಂದರೆ ಜೈನರ ಮನೆಯಲ್ಲಿ ಹುಟ್ಟಿದವಳಿಗೆ ಒಂದೇ ಅರ್ಥ. ಸೋಸಬೇಕು. ನೀರಿನೊಳಗಿನ ಸೂಕ್ಷ್ಮ ಜೀವ ಸಾಯಬಾರದೆಂದು ಮಡಿಚಿದ ಅರಿವೆಯಲ್ಲಿ ಸೋಸದೆ ಆ ಮನೆಯಲ್ಲಿ ಯಾರೂ ಒಂದು ಗುಟುಕು ನೀರು ಕುಡಿದವರಲ್ಲ. ಕೈ ಅದನ್ನು ಕೇಳದೆಯೇ ಮಾಡುತ್ತದೆ. ನೀರಿನ ಅರಿವೆಗೆ ಎಣ್ಣೆ ತಾಗಬಾರದೆಂದು ಅವಳು ಹಳೆಯ ಧೋತರದ ತುಂಡೊಂದನ್ನು ಹರಿದು, ಮಡಿಚಿ, ಟರ್ಬೋದ ಬಾಯಿಯ ಮೇಲೆಯೇ ಹಿಡಿದು ಹೊಸ ಎಣ್ಣೆಯನ್ನು ಭಕ್ತಿಯಿಂದ ಸೋಸಿ ಬಿಟ್ಟಳು. ಅರಿವೆ ಹಿಂಡಿ ಮೊಳೆಗೆ ಹಾಕಿದಳು. ಆಮೇಲೆ ಭರತೇಶ ಬಂದು ಪೈಪು ಕೂಡಿಸಿ ಬೋಲ್ಟು ಬಿಗಿದ.

ಮರುದಿನ ಬೆಳಿಗ್ಗೆ ಧೋಂಡಪ್ಪನನ್ನು ಕರೆಸಿ ಕಾರು ಚಾಲೂ ಮಾಡಿದರು. ಇಂಜಿನ್ನು ಎರಡು ಸಲ ಕೆಮ್ಮಿ ಹಿಡಿಯಿತು. ಧೋಂಡಪ್ಪ ಮೆಲ್ಲಗೆ ಎಕ್ಸಲರೇಟರ್ ಒತ್ತಿದಂತೆ ಒಳಗಿನಿಂದ ಸಣ್ಣದೊಂದು ಸಿಳ್ಳು ಎದ್ದಿತು. ಟರ್ಬೋ ತಿರುಗುವ ಸಿಳ್ಳು. ಭರತೇಶನ ಮುಖ ಅರಳಿದ್ದನ್ನು ಶಾಲನಬಾಯಿ ಕಣ್ಣು ತುಂಬ ನೋಡಿದಳು. ಅಷ್ಟೇ ಹೊತ್ತು. ಸಿಳ್ಳು ಕರ್ಕಶವಾಯಿತು, ಕಬ್ಬಿಣ ಕಬ್ಬಿಣವನ್ನು ತಿಕ್ಕಿದ ಸದ್ದು ಬಂತು, ಹಿಂದಿನ ಪೈಪಿನಿಂದ ನೀಲಿ ಹೊಗೆ ಶೆಡ್ಡು ತುಂಬಿತು. ಧೋಂಡಪ್ಪ ಚಾವಿ ತಿರುಗಿಸಿ ನಿಲ್ಲಿಸಿದ. ಮುಟ್ಟಿ ನೋಡಿದರೆ ಚಕ್ರ ಕಚ್ಚಿಕೊಂಡು ನಿಂತಿತ್ತು.

"ಎಣ್ಣಿ ಮುಟ್ಟಿಲ್ಲ ಅದಕ್ಕ," ಎಂದ ಭರತೇಶ. ಅವನು ಕಾರನ್ನು ನೋಡುತ್ತಿರಲಿಲ್ಲ, ತನ್ನ ಕೈಯನ್ನು ನೋಡುತ್ತಿದ್ದ. "ಬೋಲ್ಟ್ ನಾನ ಬಿಗದದ್ದು. ವಾಶರ್ ಸರದು ತೂತ ಮುಚ್ಚೈತಿ. ಈ ಕೈಗೆ ಅಂದಾಜ ಉಳದಿಲ್ಲ."

"ಚಕ್ರದ ಅಚ್ಚು ತಿರಗೂ ಬುಶ್ ಹೊಸಾದು ಕಡದ ಕೊಡ್ತೇನಿ, ಮತ್ತ ಕೂಡಸೂಣು," ಎಂದ ಧೋಂಡಪ್ಪ.

"ಬ್ಯಾಡ. ಬಸ್ ಝಾಲಂ."

ಸಾಕು ಎಂದವನು ಒಳಗೆ ಹೋಗಿ ತಾನೇ ಭಂಗಾರದವನಿಗೆ ಫೋನು ಮಾಡಿದ. ಮಧ್ಯಾಹ್ನ ಟೆಂಪೋ ತರುತ್ತೇನೆ ಎಂದು ಅವನೂ ಹೇಳಿದ. ಕೊಳ್ಳುವವನಿಗೆ ಯಾವಾಗಲೂ ಅವಸರ.

ಧೋಂಡಪ್ಪ ಹೋದ ಮೇಲೆ ಶಾಲನಬಾಯಿ ಒಬ್ಬಳೇ ಶೆಡ್ಡಿನಲ್ಲಿ ನಿಂತಳು. ಅತ್ತರೆ ಆಗುವುದೇನು ಎಂದು ಚೆಲ್ಲಾಪಿಲ್ಲಿಯಾದ ಸಾಮಾನು ಎತ್ತಿಡತೊಡಗಿದಳು. ಮೊಳೆಯ ಮೇಲಿನ ಎಣ್ಣೆ ಅರಿವೆ ಕೈಗೆ ಬಂತು. ಅದರ ಅಂಚಿಗೆ ಹೊಲಿಗೆ ಇರಲಿಲ್ಲ, ಹರಿದ ಕಡೆಯೆಲ್ಲ ಎಳೆಗಳು ಜೋತುಬಿದ್ದಿದ್ದವು. ಎಳೆದರೆ ಜಿಬರು ಜಿಬರಾಗಿ ಬೆರಳಿಗೆ ಅಂಟಿದವು. ನೀರಿನ ಅರಿವೆಗೆ ಅವಳು ಅಂಚು ಮಡಿಚಿ ಹೊಲಿದಿದ್ದಳು. ಇದಕ್ಕೆ ಹೊಲಿದಿರಲಿಲ್ಲ. ಕಡ್ಡಿಯಷ್ಟು ತೂತಿನ ಬಾಯಿಯ ಮೇಲೆ ಇದನ್ನು ಹಿಡಿದು ಎಣ್ಣೆ ಬಿಟ್ಟವಳು ತಾನೇ.

ಅರಿವೆ ಬಿಸಾಕಿ ಕಾರಿನ ಹತ್ತಿರ ಬಗ್ಗಿದಳು. ಪಾನಾ ತಗೊಂಡು ಬೋಲ್ಟಿಗೆ ಹಚ್ಚಿದಳು. ಹಚ್ಚಿದವಳು ತಿರುಗಿಸಲಿಲ್ಲ. ಬಿಚ್ಚಿ, ಒಳಗಿನ ಎಳೆ ತೆಗೆದು ಗಂಡನ ಮುಂದೆ ಹಿಡಿದರೆ ಅವನು ನಂಬುವನೇ? ಪಿಸ್ಟನ್ ರಿಂಗು ಉಲ್ಟಾ ಹಾಕಿ ನಾಟಕ ಆಡಿದವಳು, ಇದನ್ನೂ ಅವಳೇ ತುರುಕಿ ತಂದಿದ್ದಾಳೆ ಅಂದುಕೊಳ್ಳುತ್ತಾನೆ. ಅವನೇ ಬಿಚ್ಚಬೇಕು. ಆದರೆ ಅವನು ಬಿಚ್ಚಿದಾಗ ತೂತು ಖಾಲಿ ಇದ್ದು, ವಾಶರು ನಿಜಕ್ಕೂ ಸರಿದಿದ್ದರೆ? ಆಗ ಅವನ ಕೈ ಅವನ ಕಣ್ಣೆದುರಿಗೇ ಸತ್ತಂತೆ, ತೋರಿಸಿಕೊಟ್ಟವಳು ತಾನಾದಂತೆ. ಶಾಲನಬಾಯಿ ಪಾನಾವನ್ನು ಬೋಲ್ಟಿನಿಂದ ತೆಗೆದಳು. ಎದ್ದು ಪಡಸಾಲೆಗೆ ಹೋದಳು.

"ಏಳ್ರಿ. ನಿಮ್ಮ ಕೈದ ತಪ್ಪಲ್ಲ ಅದು. ನಾ ಎಣ್ಣಿ ಅರಿವ್ಯಾಗ ಸೋಸೇನಿ. ಎಳಿ ಹೋಗಿ ಕುಂತಾವ ಅದರಾಗ."

"ನನ್ನ ಸಮಾಧಾನಕ್ಕ ಹೇಳಬ್ಯಾಡ."

"ಸಮಾಧಾನಕ್ಕಲ್ಲ. ನಾ ಬಿಚ್ಚಿಲ್ಲ, ಮುಟ್ಟಿಲ್ಲ. ನೀವ ಬಿಚ್ಚಿ ನೋಡ್ರಿ."

"ಏನೂ ಇಲ್ಲಂದ್ರ?"

"ಇಲ್ಲಂದ್ರ ಡಬ್ಬಾ ಎಲ್ಲಾ ಟೆಂಪೋದಾಗ ನಾನ ಏರಸ್ತೇನಿ. ಮತ್ತ ಒಂದ ಮಾತ ಆಡೂದಿಲ್ಲ."

ಭರತೇಶ ಅವಳ ಮುಖ ನೋಡಿದ. ಆ ಮುಖದಲ್ಲಿ ಬೆವರು ಹರಿಯುತ್ತಿತ್ತು. ನಾಟಕ ಆಡುವವರು ಹೀಗೆ ಬೆವರುವುದಿಲ್ಲ ಅನ್ನಿಸಿತೋ ಏನೋ, ಕೋಲು ಹಿಡಿದು ಎದ್ದ.

ಬೋಲ್ಟು ಬಿಗಿಯಾಗಿತ್ತು. ಎಡಗೈಯಲ್ಲಿ ಪಾನಾ ಒತ್ತಿ, ಬಲಗೈಯ ಬೆರಳುಗಳಿಂದ ಪೈಪು ಹಿಡಿದು, ಹಲ್ಲು ಕಚ್ಚಿ ಬಿಚ್ಚಿದ. ವಾಶರು ಕೂಡಿಸಿದ ಜಾಗದಲ್ಲೇ, ಅಂಚಿಗೆ ಅಂಚು ಸರಿಯಾಗಿ ಕೂತಿತ್ತು. ಅದನ್ನು ತೆಗೆದು ತೂತಿಗೆ ಕಣ್ಣು ಹಚ್ಚಿದ. ಒಳಗೆ ಕರಿ ಮುದ್ದೆಯೊಂದು ಕಚ್ಚಿಕೊಂಡಿತ್ತು. ಬಲಗೈಯ ಎರಡು ಬೆರಳಲ್ಲಿ ಅದರ ತುದಿ ಹಿಡಿದು ಮೆಲ್ಲಗೆ ಎಳೆದ. ಬಂತು. ಎಣ್ಣೆ ಕುಡಿದು ಸುಟ್ಟ ಹತ್ತಿಯ ಎಳೆಗಳು, ಒಂದರ ಹಿಂದೆ ಒಂದು.

ಭರತೇಶ ಎಳೆಯನ್ನು ನೋಡಿದ. ಎಳೆ ಹಿಡಿದ ಬೆರಳುಗಳನ್ನು ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಟರ್ಬೋದ ಬಾಯಾಗ ಧೋತರ ತುರಕತಾರೇನ? ಎಣ್ಣಿ ಸೋಸು ಅಂತ ಯಾವ ಶಾಣ್ಯಾ ಹೇಳಿದ ನಿನಗ? ಸೀಲ್ ಡಬ್ಬಿ ಒಡದು ಸೀದಾ ಬಿಡಬೇಕು ಅಂತ ತಿಳೀಬಾರದ? ಇಷ್ಟ ದಿನ ನನ್ನ ಮುಂದ ಕುಂತು ಏನ ಕಲತಿ ನೀ? ಬುಶ್ ಹೋತು, ಚಕ್ರ ಹೋತು, ಧೋಂಡಪ್ಪನ ಕೆಲಸ ಎಲ್ಲಾ ಹಾಳಾತು..."

ಲಕ್ವಾ ಹೊಡೆದಾಗಿನಿಂದ ಆ ಬಾಯಿಂದ ಇಷ್ಟು ಮಾತು ಒಟ್ಟಿಗೆ ಬಂದಿರಲಿಲ್ಲ. ಶಾಲನಬಾಯಿ ತಲೆ ತಗ್ಗಿಸಿ ಬೈಸಿಕೊಳ್ಳುತ್ತ ನಿಂತಳು. ಕಣ್ಣಲ್ಲಿ ನೀರು ಧಾರಾಕಾರ, ಮನಸ್ಸಿಗೆ ಮಾತ್ರ ಹಬ್ಬ. ಇನ್ನೂ ಒಂದಿಷ್ಟು ಬಯ್ಯಲಿ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಗೇಟಿನ ಹತ್ತಿರ ಟೆಂಪೋ ಬಂದು ಹಾರ್ನ್ ಹೊಡೆಯಿತು. ಭಂಗಾರದವನು ಇಳಿದು, ಹಗ್ಗ ಹೆಗಲಿಗೇರಿಸಿಕೊಂಡು ಹಿತ್ತಲಿಗೇ ಬಂದ. ಭರತೇಶ ಬಗ್ಗಿದವನು ಬಗ್ಗಿಯೇ ಇದ್ದ. ಬೆರಳಿಂದ ತೂತಿನ ಅಂಚನ್ನು ಸವರಿ, ಮತ್ತೆ ಏನಾದರೂ ಉಳಿದಿದೆಯೇ ಎಂದು ಹುಡುಕುತ್ತಿದ್ದ.

"ಟೆಂಪೋ ಹಿಂದ ತಗೋ," ಎಂದ ತಲೆಯೆತ್ತದೆ. "ಇಲ್ಲಿ ಕೆಲಸ ನಡದೈತಿ."